ಸುಡದ ಕಟ್ಟಡ

ಮನುಷ್ಯನು ಬಹುಕಾಲ ನೆಲಕ್ಕೆ ಹತ್ತಿರವಾಗಿಯೇ ವಾಸಿಸಿದನು. ಸಾಮಾನ್ಯರ ಮನೆಗೆ ಒಂದು ಅಂತಸ್ತು, ಅನುಕೂಲವಂತರ ಮನೆಗೆ ಎರಡು ಅಂತಸ್ತು, ಅರಮನೆಗಳಿಗೆ ಮೂರೋ ನಾಲ್ಕೋ ಅಂತಸ್ತುಗಳು ಇರುತ್ತಿದ್ದುವು. ಅದಕ್ಕಿಂತ ಎತ್ತರಕ್ಕೆ ದಿನವೂ ಹತ್ತಿ ಇಳಿಯುವುದು ಕಾಲುಗಳಿಗೆ ಕಷ್ಟ. ಅಷ್ಟು ಭಾರವನ್ನು ಹೊರುವುದು ಇಟ್ಟಿಗೆಯ ಗೋಡೆಗಳಿಗೂ ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ತೊಡಕುಗಳೂ ನಿವಾರಣೆಯಾದುವು. 1854ರಲ್ಲಿ ಎಲಿಷಾ ಓಟಿಸ್ ಎಂಬಾತನು, ಹಗ್ಗ ತುಂಡಾದರೂ ಕೆಳಗೆ ಬೀಳದಂತಹ ಏರುಯಂತ್ರವನ್ನು ನ್ಯೂಯಾರ್ಕ್ ನಗರದಲ್ಲಿ ಜನರ ಎದುರಿಗೇ ಪ್ರಯೋಗಿಸಿ ತೋರಿಸಿದನು. 1885ರ ವೇಳೆಗೆ ಷಿಕಾಗೋ ನಗರದಲ್ಲಿ ಲೋಹದ ಚೌಕಟ್ಟನ್ನು ಆಧಾರವಾಗಿಸಿಕೊಂಡ ಹತ್ತು ಅಂತಸ್ತಿನ ಕಟ್ಟಡವೊಂದು ಎದ್ದು ನಿಂತಿತು. ಅಲ್ಲಿಂದ ಮುಂದೆ ಅಮೆರಿಕದ ನಗರಗಳು ಆಕಾಶದ ಕಡೆಗೆ ಬೆಳೆಯತೊಡಗಿದುವು.

ನಗರಗಳು ಎತ್ತರಕ್ಕೆ ಬೆಳೆದಂತೆ ಅವುಗಳ ಹಳೆಯ ಶತ್ರುವಾದ ಬೆಂಕಿಯ ಭಯವೂ ಬೆಳೆಯಿತು. 1871ರಲ್ಲಿ ಷಿಕಾಗೋ ನಗರದ ದೊಡ್ಡ ಭಾಗವೊಂದು ಬೆಂಕಿಗೆ ಆಹುತಿಯಾಗಿ, ಸುಮಾರು 17,000 ಕಟ್ಟಡಗಳು ನಾಶವಾಗಿದ್ದುವು. ಆದುದರಿಂದ ಮರವನ್ನು ಬಿಟ್ಟು ಉಕ್ಕು, ಕಾಂಕ್ರೀಟು, ಸುಟ್ಟ ಜೇಡಿಮಣ್ಣಿನ ಹೆಂಚು ಮೊದಲಾದ ಪದಾರ್ಥಗಳಿಂದ ಕಟ್ಟಬೇಕೆಂಬ ವಿಚಾರವು ಬಲಗೊಂಡಿತು. ಹೀಗೆ ಕಟ್ಟಿದ ಕಟ್ಟಡಗಳನ್ನು 'ಬೆಂಕಿಗೆ ಬಗ್ಗದ ಕಟ್ಟಡಗಳು' ಎಂದು ಕರೆಯುವುದು ರೂಢಿಗೆ ಬಂದಿತು. ಈ ಮಾತು ವಾಸ್ತುಶಿಲ್ಪಿಗಳಿಗೆ ಹೆಮ್ಮೆಯನ್ನೂ, ಮಾಲೀಕರಿಗೆ ಲಾಭವನ್ನೂ, ಜನರಿಗೆ ನೆಮ್ಮದಿಯನ್ನೂ ತಂದಿತು. ಆದರೆ ಈ ಮಾತಿನ ಅರ್ಥವೇನು, ಅದು ಯಾರಿಗೆ ರಕ್ಷಣೆ ಕೊಡುತ್ತದೆ ಎಂಬುದನ್ನು ಬಹು ಜನರು ವಿಚಾರಿಸಲಿಲ್ಲ. ಅಮೆರಿಕದ ಅಟ್ಲಾಂಟ ನಗರದ ಒಂದು ಹೋಟೆಲಿನ ಕಥೆಯು ಈ ಪ್ರಶ್ನೆಗೆ ಉತ್ತರವಾಗಿದೆ.

ಅಟ್ಲಾಂಟ ನಗರವು ಜಾರ್ಜಿಯ ರಾಜ್ಯದ ರಾಜಧಾನಿ. ಬೆಂಕಿಯ ಪರಿಚಯ ಈ ನಗರಕ್ಕೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಅದು ಸುಟ್ಟು ಬೂದಿಯಾಗಿತ್ತು. ಬೂದಿಯಿಂದ ಮರುಹುಟ್ಟು ಪಡೆಯುವ ಫೀನಿಕ್ಸ್ ಪಕ್ಷಿಯನ್ನೇ ನಗರವು ತನ್ನ ಲಾಂಛನವನ್ನಾಗಿ ಮಾಡಿಕೊಂಡಿತು. ರೈಲು ಮಾರ್ಗಗಳು ಕೂಡುವ ಸ್ಥಳವಾದುದರಿಂದ ವ್ಯಾಪಾರವು ಬೆಳೆದು, ಪ್ರಯಾಣಿಕರ ಸಂಖ್ಯೆ ಹೆಚ್ಚಿತು. ನಗರದ ಮಧ್ಯದಲ್ಲಿ ಹಾದು ಹೋಗುವ ಪೀಚ್‌ಟ್ರೀ ಬೀದಿಯು ಅಂಗಡಿಗಳಿಗೂ ನಾಟಕಶಾಲೆಗಳಿಗೂ ಹೋಟೆಲುಗಳಿಗೂ ಹೆಸರಾಯಿತು. ಪೀಚ್‌ಟ್ರೀ ಬೀದಿಯೂ ಎಲ್ಲಿಸ್ ಬೀದಿಯೂ ಸಂಧಿಸುವ ಮೂಲೆಯಲ್ಲಿ 1913ರಲ್ಲಿ ವೈನ್‌ಕಾಫ್ ಹೋಟೆಲು ಬಾಗಿಲು ತೆರೆಯಿತು.

ಹದಿನೈದು ಅಂತಸ್ತುಗಳ ಈ ಕಟ್ಟಡವು ಆಗ ಅಟ್ಲಾಂಟದ ಅತಿ ಎತ್ತರದ ಕಟ್ಟಡಗಳಲ್ಲಿ ಒಂದಾಗಿತ್ತು. ವಿಲಿಯಂ ಲೀ ಸ್ಟಾಡರ್ಟ್ ಎಂಬ ವಾಸ್ತುಶಿಲ್ಪಿಯು ಅದರ ನಕ್ಷೆಯನ್ನು ರಚಿಸಿದ್ದನು. ಮಾಲೀಕನಾದ ವೈನ್‌ಕಾಫ್‌ನ ಹೆಸರನ್ನೇ ಹೋಟೆಲಿಗೆ ಇಡಲಾಗಿತ್ತು. ನಿವೇಶನವು ಬಹು ಚಿಕ್ಕದು: ಸುಮಾರು 63 ಅಡಿ ಅಗಲ, 70 ಅಡಿ ಉದ್ದ. ಅಷ್ಟರಲ್ಲಿಯೇ ಮೂರನೆಯ ಅಂತಸ್ತಿನಿಂದ ಹದಿನೈದನೆಯ ಅಂತಸ್ತಿನವರೆಗೆ, ಒಂದೊಂದು ಅಂತಸ್ತಿಗೆ ಸುಮಾರು ಹದಿನೈದರಂತೆ, ಕೊಠಡಿಗಳನ್ನು ಜೋಡಿಸಲಾಗಿತ್ತು. ಉಕ್ಕಿನ ಚೌಕಟ್ಟಿಗೆ ಹೆಂಚು ಮತ್ತು ಕಾಂಕ್ರೀಟಿನ ರಕ್ಷಣೆಯನ್ನು ಕೊಟ್ಟಿದ್ದರು. ಹೊರಗೋಡೆಗಳು ಇಟ್ಟಿಗೆಯವು. ಈ ಹೋಟೆಲು ಬೆಂಕಿಗೆ ಸಂಪೂರ್ಣವಾಗಿ ಅಭೇದ್ಯವೆಂದು ಜಾಹೀರಾತುಗಳು ಸಾರುತ್ತಿದ್ದುವು.

ಈ ಮಾತು ಸುಳ್ಳಲ್ಲ. ಕಟ್ಟಡದ ಚೌಕಟ್ಟು ನಿಜವಾಗಿಯೂ ಬೆಂಕಿಯನ್ನು ತಡೆದುಕೊಳ್ಳಬಲ್ಲದಾಗಿತ್ತು. ಆದರೆ ಚೌಕಟ್ಟಿನ ಒಳಗೆ ಇದ್ದುದು ಬೇರೆ. ನಡುಮನೆಗಳ ಗೋಡೆಗಳಿಗೆ ಬಣ್ಣ ಬಳಿದ ಗೋಣಿಬಟ್ಟೆಯನ್ನು ಅಂಟಿಸಿದ್ದರು. ಕೊಠಡಿಗಳ ಗೋಡೆಗಳಿಗೆ ಕಾಗದದ ಹೊದಿಕೆ ಇತ್ತು. ಹಳೆಯ ಕಾಗದದ ಮೇಲೆಯೇ ಹೊಸ ಕಾಗದವನ್ನು ಅಂಟಿಸುತ್ತ ಬಂದಿದ್ದರು. ಬಾಗಿಲುಗಳು ಮರದವು. ಬೇಸಗೆಯಲ್ಲಿ ಗಾಳಿ ಆಡಲೆಂದು ಪ್ರತಿಯೊಂದು ಬಾಗಿಲಿನ ಮೇಲೂ ತೆರೆದು ಮುಚ್ಚುವ ಕಿಂಡಿಯೊಂದಿತ್ತು. ಹಾಸಿಗೆ, ಪರದೆ, ಜಮಖಾನೆಗಳು ಎಲ್ಲ ಹೋಟೆಲುಗಳಲ್ಲಿ ಇರುವಂತೆಯೇ ಇದ್ದುವು. ಒಲೆಯ ಕಲ್ಲು ಸುಡುವುದಿಲ್ಲ. ಆದರೆ ಅದರೊಳಗೆ ಇಟ್ಟ ಸೌದೆ ಸುಡುತ್ತದೆ ಎಂಬುದನ್ನು ಯಾರಾದರೂ ಬಲ್ಲರು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಇಡೀ ಕಟ್ಟಡಕ್ಕೆ ಇದ್ದುದು ಒಂದೇ ಒಂದು ಮೆಟ್ಟಿಲುಸಾಲು. ಅದು ಕಟ್ಟಡದ ನಡುವೆ, ಎರಡು ಏರುಯಂತ್ರಗಳ ಪಕ್ಕದಲ್ಲಿ, ಯಾವ ಬಾಗಿಲಿನ ತಡೆಯೂ ಇಲ್ಲದೆ ಕೆಳಗಿನಿಂದ ಮೇಲಿನವರೆಗೆ ತೆರೆದುಕೊಂಡಿತ್ತು. ಹೊರಗೋಡೆಗೆ ಹೊಂದಿಸುವ ಕಬ್ಬಿಣದ ಏಣಿಗಳು ಇರಲಿಲ್ಲ. ತಾನಾಗಿಯೇ ನೀರನ್ನು ಎರಚುವ ಸಾಧನವೂ ಇರಲಿಲ್ಲ, ತಾನಾಗಿಯೇ ಮೊಳಗುವ ಎಚ್ಚರಿಕೆಯ ಗಂಟೆಯೂ ಇರಲಿಲ್ಲ. ಇವು ಆ ಕಾಲಕ್ಕೆ ತಿಳಿಯದ ವಸ್ತುಗಳೇನೂ ಅಲ್ಲ. ಬಿಸಿ ತಾಗಿದೊಡನೆ ಲೋಹದ ಬೆಸುಗೆ ಕರಗಿ ನೀರನ್ನು ಚಿಮುಕಿಸುವ ಸಾಧನವನ್ನು 1874ರಲ್ಲಿ ಹೆನ್ರಿ ಪಾರ್ಮೆಲಿಯೂ, ಅದರ ಸುಧಾರಿತ ರೂಪವನ್ನು 1881ರಲ್ಲಿ ಫ್ರೆಡರಿಕ್ ಗ್ರಿನೆಲ್ಲನೂ ರೂಪಿಸಿದ್ದರು. ಬಟ್ಟೆಯ ಗಿರಣಿಗಳು ತಮ್ಮ ಯಂತ್ರಗಳನ್ನೂ ಸರಕನ್ನೂ ಕಾಪಾಡಲು ಅದನ್ನು ಬಳಸುತ್ತಿದ್ದುವು. ಹೋಟೆಲಿನಲ್ಲಿ ಮಲಗುವ ಮನುಷ್ಯರಿಗೆ ಅದು ಅಗತ್ಯವೆಂದು ತೋರಲಿಲ್ಲ.

ಇದಾವುದೂ ಕಾನೂನಿಗೆ ವಿರುದ್ಧವಾಗಿರಲಿಲ್ಲ ಎಂಬುದು ಗಮನಾರ್ಹ. ಐದು ಸಾವಿರ ಚದರ ಅಡಿಗಿಂತ ಕಡಿಮೆ ವಿಸ್ತೀರ್ಣದ ನಿವೇಶನದಲ್ಲಿ ಒಂದೇ ಮೆಟ್ಟಿಲುಸಾಲು ಸಾಕೆಂದು 1911ರ ನಗರದ ನಿಯಮವು ಹೇಳುತ್ತಿತ್ತು. ನೆಲದ ವಿಸ್ತೀರ್ಣವನ್ನು ಲೆಕ್ಕ ಹಾಕಿದ ಆ ನಿಯಮವು ಅಂತಸ್ತುಗಳ ಸಂಖ್ಯೆಯನ್ನು ಮರೆತಿತ್ತು. ಮುಂದೆ ನಿಯಮಗಳು ಬಿಗಿಯಾದಾಗಲೂ, ಅವು ಹೊಸದಾಗಿ ಕಟ್ಟುವ ಕಟ್ಟಡಗಳಿಗೆ ಮಾತ್ರವೆಂದು ಭಾವಿಸಿ, ಹಳೆಯ ಕಟ್ಟಡಗಳನ್ನು ಇದ್ದಂತೆಯೇ ಬಿಡಲಾಯಿತು.

ಎಚ್ಚರಿಕೆಯ ಮಾತು ಮೊದಲೇ ಕೇಳಿಬಂದಿತ್ತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಹತ್ತು ಅಂತಸ್ತಿನ ಕಟ್ಟಡವೊಂದರಲ್ಲಿದ್ದ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು, 146 ಮಂದಿ ಕಾರ್ಮಿಕರು ಮಡಿದಿದ್ದರು. ಅವರಲ್ಲಿ ಬಹುಪಾಲು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಆ ಕಟ್ಟಡವೂ ಬೆಂಕಿಗೆ ಬಗ್ಗದ ಕಟ್ಟಡವೆಂದೇ ಹೆಸರು ಪಡೆದಿತ್ತು. ಅದು ಬೀಳದೆ ನಿಂತಿತು. ಬೀಗ ಹಾಕಿದ ಬಾಗಿಲಿನ ಹಿಂದೆ ಸಿಕ್ಕಿಕೊಂಡವರು ಉಳಿಯಲಿಲ್ಲ. ಈ ದುರಂತದ ತರುವಾಯ, ಅಮೆರಿಕದ ಅಗ್ನಿಸಂರಕ್ಷಣಾ ಸಂಘವು ಕಟ್ಟಡಗಳ ಬದಲು ಮನುಷ್ಯರ ಪ್ರಾಣರಕ್ಷಣೆಯನ್ನೇ ಕುರಿತು ಆಲೋಚಿಸಲು ಒಂದು ಸಮಿತಿಯನ್ನು 1913ರಲ್ಲಿ ನೇಮಿಸಿತು. ವೈನ್‌ಕಾಫ್ ಹೋಟೆಲು ಪ್ರಾರಂಭವಾದುದೂ ಅದೇ ವರ್ಷದಲ್ಲಿ.

ಮೂವತ್ತಮೂರು ವರ್ಷಗಳ ಕಾಲ ಹೋಟೆಲು ಸುಖವಾಗಿ ನಡೆಯಿತು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಡಿಸೆಂಬರ್ ತಿಂಗಳಿನಲ್ಲಿ, ಕ್ರಿಸ್‌ಮಸ್ ಹಬ್ಬವು ಸಮೀಪಿಸಿದ್ದುದರಿಂದ ನಗರದಲ್ಲಿ ಜನಸಂದಣಿ ಹೆಚ್ಚಾಗಿತ್ತು. ಆ ರಾತ್ರಿ ವೈನ್‌ಕಾಫ್ ಹೋಟೆಲಿನಲ್ಲಿ ಸುಮಾರು ಮುನ್ನೂರು ಮಂದಿ ತಂಗಿದ್ದರು. ಅವರಲ್ಲಿ ನಲವತ್ತು ಮಂದಿ ಜಾರ್ಜಿಯದ ಬೇರೆ ಬೇರೆ ಊರುಗಳಿಂದ ಬಂದ ಪ್ರೌಢಶಾಲೆಯ ವಿದ್ಯಾರ್ಥಿಗಳು ಮತ್ತು ವಿದ್ಯಾರ್ಥಿನಿಯರು. ರಾಜ್ಯದ ಶಾಸನಸಭೆಯ ಕಟ್ಟಡದಲ್ಲಿ ನಡೆಯಲಿದ್ದ ಯುವಜನರ ಅಣಕು ಶಾಸನಸಭೆಯಲ್ಲಿ ಭಾಗವಹಿಸಲು ಅವರು ಬಂದಿದ್ದರು. ಕಾನೂನನ್ನು ಹೇಗೆ ರಚಿಸುತ್ತಾರೆ ಎಂಬುದನ್ನು ತಿಳಿಯುವುದು ಅವರ ಪ್ರಯಾಣದ ಉದ್ದೇಶವಾಗಿತ್ತು. ವೃದ್ಧರಾಗಿದ್ದ ವೈನ್‌ಕಾಫ್ ದಂಪತಿಗಳೂ ತಾವು ಕಟ್ಟಿಸಿದ ಆ ಕಟ್ಟಡದಲ್ಲಿಯೇ ವಾಸವಾಗಿದ್ದರು.

ಡಿಸೆಂಬರ್ 7ರ ಶನಿವಾರ, ಬೆಳಗಿನ ಜಾವ ಮೂರು ಗಂಟೆ ದಾಟಿತ್ತು. ಮೂರನೆಯ ಅಂತಸ್ತಿನ ನಡುಮನೆಯಲ್ಲಿ ಬೆಂಕಿ ಹುಟ್ಟಿತು. ಅಲ್ಲಿ ತಾತ್ಕಾಲಿಕವಾಗಿ ಇರಿಸಿದ್ದ ಹಾಸಿಗೆಯ ಮೇಲೆ ಯಾರೋ ಎಸೆದ ಸಿಗರೇಟಿನ ತುಂಡೇ ಅದಕ್ಕೆ ಕಾರಣವೆಂದು ಅಧಿಕಾರಿಗಳು ತೀರ್ಮಾನಿಸಿದರು. ಯಾರಾದರೂ ಬೇಕೆಂದೇ ಬೆಂಕಿ ಇಟ್ಟಿರಬಹುದೆಂಬ ಸಂಶಯವನ್ನು ಮುಂದೆ ಕೆಲವರು ವ್ಯಕ್ತಪಡಿಸಿದ್ದಾರೆ. ಏರುಯಂತ್ರವನ್ನು ನಡೆಸುತ್ತಿದ್ದ ಮಹಿಳೆಗೆ ಮೊದಲು ಹೊಗೆಯ ವಾಸನೆ ಬಂದಿತು. ಅಗ್ನಿಶಾಮಕ ಠಾಣೆಗೆ ದೂರವಾಣಿಯ ಕರೆ ಮುಟ್ಟಿದಾಗ ಸಮಯ 3 ಗಂಟೆ 42 ನಿಮಿಷ. ಮಲಗಿದ್ದವರನ್ನು ಎಚ್ಚರಿಸಲು ರಾತ್ರಿಯ ವ್ಯವಸ್ಥಾಪಕನು ಕೊಠಡಿಗಳಿಗೆ ದೂರವಾಣಿಯಲ್ಲಿ ಕರೆ ಮಾಡಲು ಪ್ರಯತ್ನಿಸಿದನು. ಆದರೆ ಅಷ್ಟು ಕೊಠಡಿಗಳನ್ನು ಒಂದೊಂದಾಗಿ ಕರೆಯುವಷ್ಟು ವ್ಯವಧಾನವನ್ನು ಬೆಂಕಿಯು ಕೊಡಲಿಲ್ಲ.

ಬಿಸಿಯಾದ ಗಾಳಿಯು ಹಗುರವಾಗಿ ಮೇಲಕ್ಕೆ ಏರುತ್ತದೆ. ಅದು ಬಿಟ್ಟ ಸ್ಥಳವನ್ನು ತುಂಬಲು ತಣ್ಣನೆಯ ಗಾಳಿಯು ಕೆಳಗಿನಿಂದ ನುಗ್ಗುತ್ತದೆ. ಅಡಿಗೆಮನೆಯ ಹೊಗೆಗೂಡು ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ವೈನ್‌ಕಾಫ್ ಹೋಟೆಲಿನ ತೆರೆದ ಮೆಟ್ಟಿಲುಸಾಲು ಆ ರಾತ್ರಿ ಹದಿನೈದು ಅಂತಸ್ತು ಎತ್ತರದ ಹೊಗೆಗೂಡಾಗಿ ಪರಿಣಮಿಸಿತು. ಬೆಂಕಿಯೂ ಹೊಗೆಯೂ ಅಂತಸ್ತಿನಿಂದ ಅಂತಸ್ತಿಗೆ ಏರಿ, ಗೋಣಿಬಟ್ಟೆಯ ಹೊದಿಕೆಯನ್ನು ಹಿಡಿದು ನಡುಮನೆಗಳಲ್ಲಿ ಹರಡಿದುವು. ಉಸಿರಿಗೆ ಗಾಳಿ ಬೇಕೆಂದು ಜನರು ಕಿಟಕಿಗಳನ್ನು ತೆರೆದರು. ಬಾಗಿಲ ಮೇಲಿನ ಕಿಂಡಿಗಳು ತೆರೆದಿದ್ದ ಕೊಠಡಿಗಳಿಗೆ ಬೆಂಕಿ ಸುಲಭವಾಗಿ ನುಗ್ಗಿತು. ಜನರು ಕೆಳಗೆ ಇಳಿಯಬೇಕಾಗಿದ್ದ ಒಂದೇ ದಾರಿಯು ಬೆಂಕಿ ಮೇಲಕ್ಕೆ ಬರುವ ದಾರಿಯಾಯಿತು.

ಅಗ್ನಿಶಾಮಕ ದಳದವರು ತಡಮಾಡಲಿಲ್ಲ. ಠಾಣೆಯು ಸಮೀಪದಲ್ಲಿಯೇ ಇದ್ದುದರಿಂದ ಕರೆ ತಲಪಿದ ಕೆಲವೇ ಕ್ಷಣಗಳಲ್ಲಿ ಮೊದಲ ಬಂಡಿಗಳು ಬಂದು ನಿಂತುವು. ಬೆಳಗಾಗುವುದರೊಳಗೆ ನೂರಾರು ಮಂದಿ ಸಿಬ್ಬಂದಿ ಅಲ್ಲಿ ಸೇರಿದರು. ಆದರೆ ಅವರ ಏಣಿಗಳು ಕಟ್ಟಡದ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಮಾತ್ರ ಎಟುಕಿದುವು. ಅದಕ್ಕೂ ಮೇಲಿದ್ದವರನ್ನು ಅವು ಮುಟ್ಟಲಾರದೆ ಹೋದುವು. ಕೆಲವರು ಹೊದಿಕೆಗಳನ್ನು ಗಂಟು ಹಾಕಿ ಹಗ್ಗ ಮಾಡಿ ಇಳಿಯಲು ಯತ್ನಿಸಿದರು. ಕೆಲವರು ಕೆಳಗೆ ಹಿಡಿದಿದ್ದ ಬಲೆಗಳನ್ನು ನಂಬಿ ಹಾರಿದರು. ಹೋಟೆಲಿನ ಹಿಂಭಾಗದಲ್ಲಿ ಸುಮಾರು ಹತ್ತು ಅಡಿ ಅಗಲದ ಓಣಿಯೂ, ಅದರ ಆಚೆ ಇನ್ನೊಂದು ಎತ್ತರದ ಕಟ್ಟಡವೂ ಇದ್ದುವು. ರಕ್ಷಕರು ಆ ಕಟ್ಟಡವನ್ನು ಏರಿ, ಅದರ ಕಿಟಕಿಗಳಿಂದ ಹೋಟೆಲಿನ ಕಿಟಕಿಗಳಿಗೆ ಏಣಿಗಳನ್ನೂ ಹಲಗೆಗಳನ್ನೂ ಅಡ್ಡಲಾಗಿ ಹಾಸಿ, ಆ ಅಪಾಯದ ಸೇತುವೆಗಳ ಮೇಲೆ ಹಲವರನ್ನು ಪಾರುಮಾಡಿದರು. ಬಾಗಿಲನ್ನೂ ಕಿಂಡಿಯನ್ನೂ ಭದ್ರವಾಗಿ ಮುಚ್ಚಿಕೊಂಡು, ಒದ್ದೆಬಟ್ಟೆಗಳಿಂದ ಹೊಗೆಯನ್ನು ತಡೆದು, ಧೈರ್ಯದಿಂದ ಕಾದ ಕೆಲವರೂ ಬದುಕಿಕೊಂಡರು.

ಬೆಳಕು ಹರಿದಾಗ ಲೆಕ್ಕ ತಿಳಿಯಿತು. ಸತ್ತವರು 119 ಮಂದಿ. ಅಮೆರಿಕದ ಇತಿಹಾಸದಲ್ಲಿ ಹೋಟೆಲಿನ ಬೆಂಕಿಯಿಂದ ಇಷ್ಟು ಪ್ರಾಣಹಾನಿ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಅನಂತರವೂ ಆಗಿಲ್ಲ. ನಲವತ್ತು ವಿದ್ಯಾರ್ಥಿಗಳಲ್ಲಿ ಮೂವತ್ತು ಮಂದಿ ತಮ್ಮ ಊರುಗಳಿಗೆ ಜೀವಂತವಾಗಿ ಹಿಂದಿರುಗಲಿಲ್ಲ. ಹೋಟೆಲು ಸುರಕ್ಷಿತವೆಂದು ನಂಬಿ ಅಲ್ಲಿಯೇ ಬಾಳಿದ ವೈನ್‌ಕಾಫ್ ದಂಪತಿಗಳೂ ಮೃತರಲ್ಲಿ ಸೇರಿದ್ದರು. ಕಟ್ಟಡ ಮಾತ್ರ ನಿಂತೇ ಇತ್ತು. ಉಕ್ಕಿನ ಚೌಕಟ್ಟು ಬಾಗಿರಲಿಲ್ಲ, ಇಟ್ಟಿಗೆಯ ಗೋಡೆಗಳು ಕುಸಿದಿರಲಿಲ್ಲ. ಜಾಹೀರಾತು ಹೇಳಿದ ಮಾತನ್ನು ಕಟ್ಟಡವು ಅಕ್ಷರಶಃ ಉಳಿಸಿಕೊಂಡಿತ್ತು.

ಆ ರಾತ್ರಿ ಆರ್ನಲ್ಡ್ ಹಾರ್ಡಿ ಎಂಬ ಇಪ್ಪತ್ತನಾಲ್ಕು ವರ್ಷದ ವಿದ್ಯಾರ್ಥಿಯು ವಾಹನಗಳ ಕೂಗನ್ನು ಕೇಳಿ, ತನ್ನ ಕ್ಯಾಮರಾವನ್ನು ತೆಗೆದುಕೊಂಡು ಅಲ್ಲಿಗೆ ಓಡಿ ಬಂದಿದ್ದನು. ಮೇಲಿನ ಅಂತಸ್ತಿನಿಂದ ಕೆಳಗೆ ಬೀಳುತ್ತಿದ್ದ ಮಹಿಳೆಯೊಬ್ಬಳ ಚಿತ್ರವು ಅವನ ಕೊನೆಯ ಬೆಳಕಿನ ಬಲ್ಬಿನಲ್ಲಿ ಮೂಡಿತು. ಆಕೆ ತೀವ್ರವಾಗಿ ಗಾಯಗೊಂಡರೂ ಬದುಕಿ ಉಳಿದಳು. ಆ ಚಿತ್ರವು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಗಿ, 1947ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು. ವೃತ್ತಿಯಿಂದ ಛಾಯಾಗ್ರಾಹಕನಲ್ಲದವನೊಬ್ಬನಿಗೆ ಆ ಗೌರವ ದೊರೆತುದು ಅದೇ ಮೊದಲು. ವರದಿಯ ಅಂಕಿಗಳನ್ನು ಓದಿ ಮುಂದೆ ಸಾಗುವ ಜನರು ಆ ಚಿತ್ರದ ಮುಂದೆ ನಿಂತು ಯೋಚಿಸಿದರು.

1946 ಅಮೆರಿಕದ ಹೋಟೆಲುಗಳಿಗೆ ದುಃಖದ ವರ್ಷವಾಗಿತ್ತು. ಅದೇ ಜೂನ್ ತಿಂಗಳಿನಲ್ಲಿ ಷಿಕಾಗೋ ನಗರದ ಲಾಸಾಲ್ ಹೋಟೆಲಿನಲ್ಲಿ 61 ಮಂದಿಯೂ, ಕೆಲವೇ ದಿನಗಳ ತರುವಾಯ ಡುಬ್ಯೂಕ್ ಪಟ್ಟಣದ ಕ್ಯಾನ್‌ಫೀಲ್ಡ್ ಹೋಟೆಲಿನಲ್ಲಿ 19 ಮಂದಿಯೂ ಬೆಂಕಿಗೆ ತುತ್ತಾಗಿದ್ದರು. ವೈನ್‌ಕಾಫ್ ದುರಂತದೊಡನೆ ಜನರ ಸಹನೆ ಮೀರಿತು. ಅಧ್ಯಕ್ಷ ಟ್ರೂಮನ್ನರು 1947ರ ಮೇ ತಿಂಗಳಿನಲ್ಲಿ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಬೆಂಕಿಯ ನಿವಾರಣೆಯನ್ನು ಕುರಿತ ರಾಷ್ಟ್ರೀಯ ಸಮ್ಮೇಳನವೊಂದನ್ನು ಕರೆದರು. ತಾಂತ್ರಿಕ ಸುಧಾರಣೆ, ಜನಶಿಕ್ಷಣ, ಕಾನೂನಿನ ಕಟ್ಟುನಿಟ್ಟಾದ ಪಾಲನೆ ಈ ಮೂರೂ ಒಟ್ಟಿಗೆ ನಡೆಯಬೇಕೆಂದು ಆ ಸಮ್ಮೇಳನವು ಸಾರಿತು. ಜಾರ್ಜಿಯ ರಾಜ್ಯವು 1949ರಲ್ಲಿ ಕಟ್ಟಡಗಳ ಸುರಕ್ಷತೆಗಾಗಿ ಶಾಸನವನ್ನು ಮಾಡಿತು. ಹಳೆಯ ಕಟ್ಟಡವೆಂಬ ಕಾರಣದಿಂದ ಅಪಾಯವನ್ನು ಹಾಗೆಯೇ ಬಿಡಬಾರದೆಂಬ ಅಭಿಪ್ರಾಯವು ದೃಢವಾಯಿತು. ಪ್ರತಿಯೊಂದು ಅಂತಸ್ತಿನಿಂದಲೂ ಪರಸ್ಪರ ದೂರದಲ್ಲಿರುವ ಎರಡು ಹೊರದಾರಿಗಳು, ಮೆಟ್ಟಿಲನ್ನು ಬೇರ್ಪಡಿಸುವ ಬೆಂಕಿತಡೆ ಬಾಗಿಲುಗಳು, ಸುಲಭವಾಗಿ ಹೊತ್ತಿಕೊಳ್ಳದ ಗೋಡೆಯ ಹೊದಿಕೆಗಳು, ಎಚ್ಚರಿಕೆಯ ಗಂಟೆಗಳು ಇವುಗಳನ್ನು ಸುರಕ್ಷತೆಯ ಅಂಗಗಳೆಂದು ಜನರು ಒಪ್ಪುತ್ತ ಬಂದರು.

ಆದರೂ ಪಾಠವು ಒಂದೇ ಸಲಕ್ಕೆ ಮುಗಿಯಲಿಲ್ಲ. 1980ರ ನವೆಂಬರ್ 21ರಂದು ಲಾಸ್ ವೇಗಾಸ್ ನಗರದ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಹುಟ್ಟಿ 85 ಮಂದಿ ಸತ್ತರು. ಬೆಂಕಿ ಇದ್ದುದು ಕೆಳಗೆ. ಸತ್ತವರಲ್ಲಿ ಬಹು ಜನರು ಇದ್ದುದು ಎಷ್ಟೋ ಅಂತಸ್ತುಗಳ ಮೇಲೆ. ಜ್ವಾಲೆಯು ಮುಟ್ಟದ ಕೊಠಡಿಗಳಿಗೂ ಮೆಟ್ಟಿಲುಗಳಿಗೂ ಹೊಗೆಯು ಮುಟ್ಟಿತ್ತು. ನೀರನ್ನು ಎರಚುವ ಸಾಧನಗಳು ಕಟ್ಟಡದ ಕೆಲವು ಭಾಗಗಳಲ್ಲಿ ಮಾತ್ರ ಇದ್ದುವು. 1990ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಹೋಟೆಲುಗಳ ಅಗ್ನಿಸುರಕ್ಷತೆಯ ಕಾಯಿದೆಯನ್ನು ಮಾಡಿ, ಇಂತಹ ಸಾಧನಗಳೂ ಹೊಗೆಯನ್ನು ಗುರುತಿಸುವ ಯಂತ್ರಗಳೂ ಇರುವ ಹೋಟೆಲುಗಳಲ್ಲಿಯೇ ಸರ್ಕಾರಿ ನೌಕರರು ತಂಗಬೇಕೆಂಬ ನೀತಿಯನ್ನು ಮುಂದಿಟ್ಟಿತು.

ಇನ್ನು ವೈನ್‌ಕಾಫ್ ಕಟ್ಟಡದ ಮುಂದಿನ ವೃತ್ತಾಂತ. ಚೌಕಟ್ಟು ಗಟ್ಟಿಯಾಗಿದ್ದುದರಿಂದ ಅದನ್ನು ಕೆಡವಲಿಲ್ಲ. ಒಳಭಾಗವನ್ನು ಹೊಸದಾಗಿ ರಚಿಸಿ, ಮೊದಲು ಇಲ್ಲದಿದ್ದ ರಕ್ಷಣಾ ಸಾಧನಗಳನ್ನು ಅಳವಡಿಸಿ, 1951ರಲ್ಲಿ ಬೇರೆ ಹೆಸರಿನಿಂದ ಅದನ್ನು ಮತ್ತೆ ಹೋಟೆಲನ್ನಾಗಿ ತೆರೆದರು. 1967ರಲ್ಲಿ ಅದು ಧಾರ್ಮಿಕ ಸಂಸ್ಥೆಯೊಂದಕ್ಕೆ ದಾನವಾಗಿ ಬಂದು ವೃದ್ಧರ ವಸತಿಗೃಹವಾಯಿತು. ಅನಂತರ ಹಲವು ಕೈಗಳನ್ನು ದಾಟಿ, ಸುಮಾರು ಎರಡು ದಶಕಗಳ ಕಾಲ ನಗರದ ನಡುವೆಯೇ ಬರಿದಾಗಿ, ಕತ್ತಲೆ ತುಂಬಿದ ಕಿಟಕಿಗಳೊಡನೆ ನಿಂತಿತ್ತು. ಕೊನೆಗೆ ಅದನ್ನು ಪೂರ್ಣವಾಗಿ ನವೀಕರಿಸಿ, 2007ರಲ್ಲಿ ಎಲ್ಲಿಸ್ ಹೋಟೆಲು ಎಂಬ ಹೆಸರಿನಿಂದ ತೆರೆಯಲಾಯಿತು. ಪಕ್ಕದ ಬೀದಿಯ ಹೆಸರು ಕಟ್ಟಡದ ಹೆಸರಾಯಿತು. 1946ರ ಆ ರಾತ್ರಿಯ ಸಂಗತಿಯನ್ನು ತಿಳಿಸುವ ಸ್ಮಾರಕ ಫಲಕವೊಂದನ್ನು ಬಳಿಯಲ್ಲಿ ನಿಲ್ಲಿಸಿದ್ದಾರೆ. ಬೀದಿಯಲ್ಲಿ ಹೋಗುವವರು ಅದನ್ನು ಓದಿ, ತಲೆ ಎತ್ತಿ ಕಿಟಕಿಗಳನ್ನು ಎಣಿಸಬಹುದು.

ಕಟ್ಟಡವನ್ನು ಉಳಿಸಲು ಬಲ್ಲ ಶಿಲ್ಪಿಗೆ ಅದರೊಳಗಿನ ಮನುಷ್ಯನನ್ನು ಉಳಿಸುವ ಉಪಾಯವೂ ತಿಳಿಯದ್ದಲ್ಲ. ಎರಡನೆಯ ಮೆಟ್ಟಿಲನ್ನು ಕಟ್ಟಲು ಹೊಸ ವಿಜ್ಞಾನವು ಬೇಕಾಗಿರಲಿಲ್ಲ; ಕೆಲವು ಅಡಿ ಜಾಗವನ್ನೂ ಸ್ವಲ್ಪ ಹಣವನ್ನೂ ಬಿಟ್ಟುಕೊಡುವ ಮನಸ್ಸು ಬೇಕಾಗಿತ್ತು. ಕಾನೂನು ಅದನ್ನು ಕೇಳಲಿಲ್ಲ, ಮಾಲೀಕನು ಅದನ್ನು ಕೊಡಲಿಲ್ಲ, ಅತಿಥಿಯು ಅದು ಇದೆಯೇ ಎಂದು ವಿಚಾರಿಸಲಿಲ್ಲ. ಸುರಕ್ಷಿತವೆಂಬ ಒಂದು ಮಾತನ್ನು ಎಲ್ಲರೂ ನಂಬಿದ್ದರು. ಇಂದು ದೊಡ್ಡ ಹೋಟೆಲುಗಳಲ್ಲಿ ತಂಗುವ ಪ್ರಯಾಣಿಕನು ಕೊಠಡಿಯ ಬಾಗಿಲಿನ ಹಿಂಬದಿಯಲ್ಲಿ ಚಿಕ್ಕ ನಕ್ಷೆಯೊಂದನ್ನು ಕಾಣುತ್ತಾನೆ. ಅವನ ಕೊಠಡಿ ಎಲ್ಲಿದೆ, ಹತ್ತಿರದ ಮೆಟ್ಟಿಲು ಯಾವುದು, ಅದು ಮುಚ್ಚಿಹೋದರೆ ಇನ್ನೊಂದು ಮೆಟ್ಟಿಲು ಎಲ್ಲಿದೆ ಎಂಬುದನ್ನು ಅದರಲ್ಲಿ ಗುರುತು ಮಾಡಿರುತ್ತಾರೆ. ಅದನ್ನು ಓದಲು ಒಂದು ನಿಮಿಷ ಸಾಕು. ವೈನ್‌ಕಾಫ್ ಹೋಟೆಲಿನಲ್ಲಿ ಮಲಗಿದ್ದ ವಿದ್ಯಾರ್ಥಿಗಳಿಗೆ ಅಂತಹ ನಕ್ಷೆಯನ್ನು ಕೊಡುವುದು ಸಾಧ್ಯವಿರಲಿಲ್ಲ. ಅದರಲ್ಲಿ ಗುರುತು ಮಾಡಲು ಎರಡನೆಯ ದಾರಿಯೇ ಇರಲಿಲ್ಲ.